ಎರೆಬಯಲೂ ದೇಶದೇಶಗಳ ಕರಾರೂ

1915ನೆಯ ಇಸವಿ. ಮಾನ್ವಿಯ ಪಡುವಣಕ್ಕಿರುವ ಮಸ್ಕಿಯ ಗುಡ್ಡದಲ್ಲಿ, ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಎಂಬಾತನಿಗೆ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ನಿಜಾಮ ಸರ್ಕಾರದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಹೊರತಂದರು. ದೇವಾನಾಂಪ್ರಿಯನೆಂಬ ಬಿರುದಿನ ಮರೆಯಲ್ಲಿದ್ದ ಅರಸ ಅಶೋಕನೇ ಎಂಬುದು ಆ ಕಲ್ಲಿನಿಂದ ನಿಶ್ಚಯವಾಯಿತು.

ಅದೇ ಅರಸ ತನ್ನ ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ, ಉತ್ತರದ ಸ್ತಂಭಗಳಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೆತ್ತಿಸಿದ್ದನು. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಆಮೆ, ಮುಳ್ಳುಹಂದಿ ಆ ಪಟ್ಟಿಯಲ್ಲಿದ್ದವು; ಕಾರಣವಿಲ್ಲದೆ ಕಾಡಿಗೆ ಬೆಂಕಿ ಹಚ್ಚಬಾರದೆಂಬ ಆಜ್ಞೆಯೂ ಇತ್ತು. ತುಂಗಭದ್ರೆಯ ಆಚೆ, ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆ ಇನ್ನೂ ದೊಡ್ಡ ಮಾತನ್ನು ಹೇಳುತ್ತದೆ. ಚೋಳ ಪಾಂಡ್ಯರ ನಾಡುಗಳಲ್ಲಿಯೂ ಯವನರಾಜ ಅಂತಿಯೋಕನ ಸೀಮೆಯಲ್ಲಿಯೂ ಮನುಷ್ಯರಿಗೆ ಮಾತ್ರವಲ್ಲ, ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾಗಿದೆ ಎಂದು. ರಾಜ್ಯದ ಗಡಿ ದಾಟಿ ಮೂಕಪ್ರಾಣಿಗಳ ಯೋಗಕ್ಷೇಮ ನೋಡಿದ ದಾಖಲೆಗಳಲ್ಲಿ ಇದಕ್ಕಿಂತ ಹಳೆಯದನ್ನು ನಾನು ಕಾಣೆ.

ಮಸ್ಕಿಯಿರುವ, ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದುದು ಎಲ್ಲರೂ ಬಲ್ಲ ಕಥೆ. ಆದರೆ ಕೋಟೆಯ ಹೊರಗೆ ಹರಡಿದ್ದ ಎರೆಬಯಲಿಗೆ ಬೇರೊಂದು ಪ್ರಜೆವರ್ಗವಿತ್ತು. ಹಿಂಡುಹಿಂಡಾಗಿ ಮೇಯುವ ಚಿಗರಿ, ಕುರಿಹಟ್ಟಿಯ ಸುತ್ತ ಸುಳಿಯುವ ತೋಳ, ಹುಲ್ಲಿನ ನಡುವೆ ತಲೆಯೆತ್ತಿ ನಡೆಯುವ ಎರ್ಲಡ್ಡು. ಈ ಎರ್ಲಡ್ಡು ದಖನ್ನಿನ ಬಯಲುಸೀಮೆಯ ಅರಸುಹಕ್ಕಿ. ಮೀಟರಿನಷ್ಟು ಎತ್ತರ, ಗಂಡು 15 ಕಿಲೋದವರೆಗೂ ತೂಗುವುದುಂಟು. ಗೂಡು ಕಟ್ಟದೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಇಂಥ ಹಕ್ಕಿಗೆ ಬಂದೂಕು ಬಂದ ಮೇಲೆ ಉಳಿಗಾಲವೆಲ್ಲಿ? ಅಹ್ಮದ್‌ನಗರದ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ 1809ರಿಂದ 1829ರವರೆಗೆ 961 ಎರ್ಲಡ್ಡುಗಳನ್ನು ಹೊಡೆದನೆಂದು ದಾಖಲೆಯಿದೆ.

ಚಿಗರಿಯ ಬೆನ್ನಟ್ಟಲು ರಾಜರು ಸಾಕುತ್ತಿದ್ದ ಸಿವಂಗಿಯ, ಅಂದರೆ ಚೀತಾದ, ಗತಿ ಇನ್ನೂ ಕಷ್ಟದ್ದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಅದು ಎಷ್ಟು ವಿರಳವಾಗಿತ್ತೆಂದರೆ, ಕೊಲ್ಹಾಪುರದಂಥ ಸಂಸ್ಥಾನಗಳು ಆಫ್ರಿಕಾದಿಂದ ಅದನ್ನು ತರಿಸಿಕೊಳ್ಳಬೇಕಾಯಿತು.

ಅತ್ತ ಯುರೋಪಿನ ದೊರೆತನಗಳು 1900ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಕೂಡಿ, ಆಫ್ರಿಕಾದ ಕಾಡುಪ್ರಾಣಿಗಳ ರಕ್ಷಣೆಗೆಂದು ಮೊದಲ ಕರಾರಿಗೆ ರುಜು ಹಾಕಿದವು. ಅದು ಎಂದೂ ಜಾರಿಗೆ ಬರಲಿಲ್ಲ. ಬರದಿದ್ದುದು ಒಳ್ಳೆಯದೇ ಆಯಿತೆಂದು ನನಗೆ ತೋರುತ್ತದೆ. ಏಕೆಂದರೆ ಬೇಟೆಯ ಸೊಗಸಿಗೂ ದಂತದ ವ್ಯಾಪಾರಕ್ಕೂ ಬೇಕಾದ ಪ್ರಾಣಿಗಳನ್ನು ಉಳಿಸಿಕೊಳ್ಳುವುದೇ ಅದರ ಆಸೆಯಾಗಿತ್ತು. ಸಿಂಹ, ಚಿರತೆ, ಮೊಸಳೆಗಳು ಅದರ ಲೆಕ್ಕದಲ್ಲಿ ಪೀಡೆಗಳು. ಮೊಸಳೆಯ ಮೊಟ್ಟೆಗಳನ್ನು ನಾಶಮಾಡಬೇಕೆಂಬುದು ಅದರಲ್ಲಿ ಬರೆದಿತ್ತು.

1948ರ ಸೆಪ್ಟೆಂಬರ್ 17ರಂದು ನಿಜಾಮನು ಶರಣಾಗಿ, ರಾಯಚೂರು, ಮಾನ್ವಿ, ದೇವದುರ್ಗಗಳು ಆಸಫ್‌ಜಾಹಿ ಆಳ್ವಿಕೆಯಿಂದ ಬಿಡುಗಡೆ ಹೊಂದಿದವು. ಸರಿಯಾಗಿ 18 ದಿನಗಳ ತರುವಾಯ, ಅಕ್ಟೋಬರ್ 5ರಂದು, ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಸರ್ಕಾರಗಳೂ ವಿಜ್ಞಾನಿಗಳೂ ಸೇರಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ನಿಜಾಮನ ಪಕ್ಷದ ರಜಾಕಾರರ ಹಾವಳಿಯಿಂದ ಆಗತಾನೆ ಪಾರಾಗಿ ಮನೆಗೆ ಮರಳುತ್ತಿದ್ದ ದೋಆಬಿನ ಜನಕ್ಕೆ ಆ ಸುದ್ದಿ ಹೇಗೆ ತಲುಪೀತು? ಆದರೂ ಅವರ ಬಯಲಿನ ಹಕ್ಕಿಗಳ ಹಣೆಬರಹ ಅಲ್ಲಿಂದ ಮುಂದೆ ಅಂಥ ಸಭೆಗಳೊಂದಿಗೂ ತಳಕು ಹಾಕಿಕೊಂಡಿತು.

1952ರಲ್ಲಿ ಭಾರತದ ವನ್ಯಜೀವಿ ಮಂಡಳಿಯ ಮೊದಲ ಅಧಿವೇಶನ ಮೈಸೂರಿನಲ್ಲಿಯೇ ನಡೆಯಿತು. ಜಯಚಾಮರಾಜೇಂದ್ರ ಒಡೆಯರು ಅದರ ಅಧ್ಯಕ್ಷರು. ತುರ್ತಾಗಿ ಕಾಪಾಡಬೇಕಾದ ಜೀವಿಗಳೆಂದು ಗುರುತಿಸಿದವುಗಳಲ್ಲಿ ಎರ್ಲಡ್ಡು ಇತ್ತು, ಸಿವಂಗಿಯೂ ಇತ್ತು. ಸಿವಂಗಿಯ ಹೆಸರು ಬರೆಯುವ ಹೊತ್ತಿಗೆ ಕಾಲ ಮಿಂಚಿತ್ತು. ಐದಾರು ವರ್ಷ ಮೊದಲೇ ನಡುಭಾರತದ ಕೊರಿಯಾ ಸಂಸ್ಥಾನದ ಕಾಡಿನಲ್ಲಿ ಕೊನೆಯ ಮೂರು ಸಿವಂಗಿಗಳು ಬಂದೂಕಿನ ಗುಂಡಿಗೆ ಬಲಿಯಾಗಿದ್ದವು. ಮತ್ತೆ ನಮೀಬಿಯಾದಿಂದ ಎಂಟು ಸಿವಂಗಿಗಳನ್ನು ವಿಮಾನದಲ್ಲಿ ತಂದು ಕುನೋ ಕಾಡಿಗೆ ಬಿಟ್ಟುದು 2022ರಲ್ಲಿ. ಅಂದೂ ಸೆಪ್ಟೆಂಬರ್ 17, ರಾಯಚೂರಿನಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜವೇರಿದ ದಿನ.

ಮೈಸೂರಿನ ಅಧಿವೇಶನ ಮುಗಿದ ಮರುವರ್ಷ ತುಂಗಭದ್ರಾ ಅಣೆಕಟ್ಟು ತುಂಬಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗಳ ಹೊಲಗಳಿಗೆ ಹರಿಯಿತು. ಜೋಳ, ಹತ್ತಿಗಳ ಎರೆಯಲ್ಲಿ ಬತ್ತದ ಮಡಿಗಳೆದ್ದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಆಮೇಲೆ ಅಕ್ಕಿ ಗಿರಣಿಗಳು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೂ ಕೃಷ್ಣೆಯ ನೀರು ಬಂತು. 1876-78ರಂಥ ಬರಗಳಲ್ಲಿ ಗುಳೆ ಹೋಗಿ, ದಾರಿಯಲ್ಲಿ ಹೆಣವಾದವರ ನಾಡಿದು. ಈ ನೀರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲ. ನನ್ನ ತಕರಾರು ಬೇರೆ. ಕಾಲುವೆಯ ನಕ್ಷೆ ಬರೆದವರಿಗೂ ಕಾಡಿನ ಕಾನೂನು ಬರೆದವರಿಗೂ ಈ ಬಯಲು ಕಂಡದ್ದು ಬಂಜರಾಗಿಯೇ. ಮರವಿದ್ದರೆ ಅರಣ್ಯ, ಬರೇ ಹುಲ್ಲಿದ್ದರೆ ಬೀಳು! ಹುಲ್ಲಿಗೂ ಹುಲ್ಲಿನ ಮಕ್ಕಳಿಗೂ ಕಂದಾಯದ ಪಹಣಿಯಲ್ಲಿ ಒಂದು ಕಾಲಂ ಇರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರ್ಲಡ್ಡನ್ನೂ ಚಿಗರಿಯನ್ನೂ ಮೊದಲ ಪರಿಚ್ಛೇದದಲ್ಲಿರಿಸಿತು. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾದ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಕರಾರಿಗೆ ಭಾರತ 1976ರಲ್ಲಿ ಸೇರಿತು. ಇದರ ಫಲವನ್ನು ಹೊಳೆಯಲ್ಲಿ ಕಣ್ಣಾರೆ ಕಾಣಬಹುದು. ತೊಗಲಿನ ವ್ಯಾಪಾರಕ್ಕೆ ಕಡಿವಾಣ ಬಿದ್ದ ಮೇಲೆ ಮೊಸಳೆ ಉಳಿಯಿತು. ರಾಯಚೂರು, ದೇವದುರ್ಗಗಳ ಕೃಷ್ಣಾತೀರದ ಬಂಡೆಗಳ ಮೇಲೆ ಇಂದಿಗೂ ಬಿಸಿಲು ಕಾಯಿಸುತ್ತದೆ. ದಡದ ಊರುಗಳವರು ದನಕ್ಕೆ ನೀರು ಕುಡಿಸಲು ಇಳಿಯುವಾಗ ಅಂಜುತ್ತಾರೆ, ಆ ಅಂಜಿಕೆ ನಿಜವಾದದ್ದು. ರಕ್ಷಣೆಯ ಬೆಲೆಯನ್ನು ಅವರೊಬ್ಬರೇ ತೆರುವುದು ನ್ಯಾಯವಲ್ಲ. ಮೊಸಳೆಗೆ ಶತ್ರು ಮಾರುಕಟ್ಟೆ. ಆದ್ದರಿಂದ ಕರಾರು ಅದನ್ನು ಕಾಯಿತು. ಎರ್ಲಡ್ಡಿಗೆ ಬೇಕಾಗಿದ್ದುದು ನೆಲ. ವಾಷಿಂಗ್ಟನ್ನಿನ ಸಹಿ ನೆಲ ಕೊಡಲಾರದು.

1978ರ ಸುಮಾರಿಗೆ ಅರಬ್ ರಾಜಮನೆತನದವರು ಡೇಗೆ ಹಿಡಿದು ಜೈಸಲ್ಮೇರಿನಲ್ಲಿ ಎರ್ಲಡ್ಡಿನ ಕುಲದ್ದೇ ಆದ ಹೌಬಾರಾ ಹಕ್ಕಿಯ ಬೇಟೆಗಿಳಿದಾಗ ಪ್ರತಿಭಟನೆಯೆದ್ದಿತು. 1980ರಲ್ಲಿ ಜೈಪುರದಲ್ಲಿ ಆ ಹಕ್ಕಿಕುಲಕ್ಕಾಗಿಯೇ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಕರ್ನೂಲಿನ ರೋಳ್ಳಪಾಡಿನಲ್ಲಿ ಎರ್ಲಡ್ಡಿಗೆಂದು ಅಭಯಧಾಮವಾಯಿತು. 2020ರ ಫೆಬ್ರವರಿಯಲ್ಲಿ ಗಾಂಧಿನಗರದ ಸಭೆ ವಲಸೆ ಜೀವಿಗಳ ಒಪ್ಪಂದದ ಮೊದಲ ಅನುಬಂಧಕ್ಕೆ ಎರ್ಲಡ್ಡನ್ನು ಸೇರಿಸಿತು. ಒಂದು ಕಾಲಕ್ಕೆ ಡೇಗೆ ಹಿಡಿದು ಬಂದ ಅರಬ್ ನಾಡುಗಳ ಪೈಕಿ ಅಬುಧಾಬಿಯ ಹೌಬಾರಾ ಸಂಸ್ಥೆಯೇ ಎರ್ಲಡ್ಡಿನ ಮರಿ ಮಾಡಿಸುವ ವಿದ್ಯೆಯಲ್ಲಿ ನಮಗೆ ನೆರವಾಯಿತು. 2024ರಲ್ಲಿ ಜೈಸಲ್ಮೇರಿನ ಕೇಂದ್ರದಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು.

ಜಗತ್ತಿನಲ್ಲಿ ಉಳಿದಿರುವ ಎರ್ಲಡ್ಡುಗಳು ನೂರೈವತ್ತರ ಆಸುಪಾಸು. ಕರ್ನಾಟಕದಲ್ಲಿ ಅವುಗಳ ಕೊನೆಯ ನೆಲೆ ಬಳ್ಳಾರಿಯ ಸಿರುಗುಪ್ಪ, ಸಿಂಧನೂರು ಸೀಮೆಯಿಂದ ಹೊಳೆ ದಾಟಿದರೆ ಸಿಗುವ ತಾಲ್ಲೂಕು. ಕಂಡವರು ಬೆರಳೆಣಿಕೆಯ ಹಕ್ಕಿಗಳನ್ನಷ್ಟೇ ಕಂಡಿದ್ದಾರೆ. ಎದುರಿಗಿನದು ಸರಿಯಾಗಿ ಕಾಣದ ಆ ಹಕ್ಕಿಗೆ ಈಗ ವಿದ್ಯುತ್ ತಂತಿಯೇ ದೊಡ್ಡ ಮೃತ್ಯು. ಕಾಲುವೆಯ ನೀರು ಏರದ ದಿಬ್ಬಗಳೂ ಕುರಿಗಾರರು ತಲೆಮಾರಿನಿಂದ ಮೇಯಿಸುತ್ತ ಬಂದ ಹುಲ್ಲಿನ ಪಟ್ಟಿಗಳೂ ದೋಆಬಿನಲ್ಲಿ ಇನ್ನೂ ಅಲ್ಲಲ್ಲಿ ಇವೆ. ಸೋಲಾರ್ ಹಾಸಿಗೋ ಹೊಸ ತಂತಿಯ ಸಾಲಿಗೋ ಕೊಡುವ ಮುನ್ನ, ಅವನ್ನು ಬೀಳು ಎಂಬ ಲೆಕ್ಕದಿಂದ ತೆಗೆದು ಹುಲ್ಲುಗಾವಲೆಂದು ಬರೆದುಕೊಳ್ಳಬೇಕು. ಅದಕ್ಕೆ ದೇಶದೇಶಗಳ ಸಭೆ ಬೇಕಾಗಿಲ್ಲ. ರಾಯಚೂರಿನ ಜಿಲ್ಲಾಧಿಕಾರಿಗಳ ಕಚೇರಿಯಿಂದಲೇ ಕೆಲಸ ಶುರುವಾಗಬಹುದು.