ಎಣ್ಣೆ, ದ್ರಾಕ್ಷಾರಸ ಮತ್ತು ತಲೆಯ ಗಾಯ

ದಯಾಳು ಸಮಾರಿತನ ಸಾಮತಿಯನ್ನು ನಾವೆಲ್ಲರೂ ಅನೇಕ ಬಾರಿ ಕೇಳಿದ್ದೇವೆ. ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಆತ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಚ್ಚಿ ಕಟ್ಟಿದನೆಂದು ಸಂತ ಲೂಕರು ತಮ್ಮ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಆತನ ಕರುಣೆಯನ್ನು ಕೊಂಡಾಡುವ ನಾವು ಆ ಎಣ್ಣೆ, ದ್ರಾಕ್ಷಾರಸಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಕರುಣೆ ಫಲಿಸಬೇಕಾದರೆ ಅರಿವೂ ಜೊತೆಗಿರಬೇಕು. ತಲೆಯ ಗಾಯಗಳ ಚಿಕಿತ್ಸೆಯ ಇತಿಹಾಸ ಇದನ್ನೇ ಹೇಳುತ್ತದೆ.

೧೮೬೨ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ನರು ಈಜಿಪ್ಟಿನ ಲಕ್ಸರ್ ಪಟ್ಟಣದಲ್ಲಿ ಪ್ರಾಚೀನ ಪಪೈರಸ್ ಸುರುಳಿಯೊಂದನ್ನು ಕೊಂಡರು. ಕ್ರಿ.ಪೂ. ಸುಮಾರು ೧೬೦೦ರ ಈ ಬರಹವನ್ನು ವಿದ್ವಾಂಸ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಅವರು ಅನುವಾದಿಸಿ ೧೯೩೦ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ೪೮ ಪ್ರಕರಣಗಳಲ್ಲಿ ಮೊದಲ ೨೭ ತಲೆ ಮತ್ತು ಮುಖಕ್ಕೆ ಸಂಬಂಧಿಸಿದವು. ವೈದ್ಯನು ಗಾಯವನ್ನು ಬೆರಳಿನಿಂದ ಪರೀಕ್ಷಿಸಿ, ಮೂರರಲ್ಲಿ ಒಂದು ತೀರ್ಪು ನೀಡಬೇಕಿತ್ತು: ವಾಸಿಮಾಡಬಹುದು, ಹೋರಾಡಿ ನೋಡಬಹುದು, ಇಲ್ಲವೇ ಚಿಕಿತ್ಸೆಗೆ ಮೀರಿದ್ದು.

ಆರನೆಯ ಪ್ರಕರಣ ನಮ್ಮ ಮನಸ್ಸನ್ನು ಕಲಕುತ್ತದೆ. ತಲೆಬುರುಡೆ ಒಡೆದು ಮಿದುಳು ಕಾಣುತ್ತಿದೆ. ಅದರ ಮಡಿಕೆಗಳು ಕರಗಿದ ತಾಮ್ರದ ಮೇಲಿನ ಸುಕ್ಕುಗಳಂತಿವೆ. ಬೆರಳಿಟ್ಟರೆ ಎಳೆಗೂಸಿನ ನೆತ್ತಿಯಂತೆ ಮಿಡಿಯುತ್ತದೆ. ಇದು ಚಿಕಿತ್ಸೆಗೆ ಮೀರಿದ್ದೆಂದು ವೈದ್ಯನು ಒಪ್ಪಿಕೊಳ್ಳುತ್ತಾನೆ. ಆದರೂ ರೋಗಿಯನ್ನು ಕೈಬಿಡುವುದಿಲ್ಲ. ಗಾಯಕ್ಕೆ ಕೊಬ್ಬನ್ನು ಸವರಿ, ಕಟ್ಟು ಕಟ್ಟದೆ, ಮುಂದೇನಾಗುವುದೆಂದು ಕಾಯಬೇಕೆಂದು ಬರಹ ವಿಧಿಸುತ್ತದೆ. ವಾಸಿಮಾಡಲಾಗದವನ ಬಳಿಯೂ ಉಳಿಯುವುದು ಅಂದೇ ವೈದ್ಯಧರ್ಮವಾಗಿತ್ತು.

ಮಧ್ಯಯುಗದ ಯೂರೋಪಿನಲ್ಲಿ, ಗಾಯ ಕೀವುಗಟ್ಟಿದರೆ ಮಾತ್ರ ಮಾಯುತ್ತದೆಂಬ ನಂಬಿಕೆ ಬೇರೂರಿತ್ತು. ಇದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಪ್ರಮುಖರು ಡೊಮಿನಿಕನ್ ಸಭೆಯ ಗುರು, ಇಟಲಿಯ ಚೆರ್ವಿಯಾದ ಧರ್ಮಾಧ್ಯಕ್ಷ ಥಿಯೋಡೊರಿಕ್. ೧೩ನೆಯ ಶತಮಾನದ ಈ ಶಸ್ತ್ರವೈದ್ಯರು ತಮ್ಮ ಗುರು ಲುಕ್ಕಾದ ಹ್ಯೂ ಅವರಿಂದ ಕಲಿತದ್ದನ್ನು ಗ್ರಂಥವಾಗಿಸಿದರು. ಗಾಯದೊಳಗಿನ ಅನ್ಯವಸ್ತುಗಳನ್ನು ತೆಗೆಯಬೇಕು, ದ್ರಾಕ್ಷಾರಸದಿಂದ ತೊಳೆಯಬೇಕು, ಅಂಚುಗಳನ್ನು ಕೂಡಿಸಿ ಕಟ್ಟಬೇಕು, ಕೀವು ಬರಿಸಬಾರದು ಎಂಬುದು ಅವರ ಬೋಧನೆ. ಸಮಾರಿತನ ದ್ರಾಕ್ಷಾರಸ ಹೀಗೆ ಒಬ್ಬ ಧರ್ಮಾಧ್ಯಕ್ಷರ ಕೈಯಲ್ಲಿ ಮತ್ತೆ ಕಾಣಿಸಿಕೊಂಡಿತು. ಆದರೆ ಹಳೆಯ ನಂಬಿಕೆ ಬಲವಾಗಿತ್ತು. ಅವರ ಮಾತು ಎಲ್ಲೆಡೆ ನೆಲೆಗೊಳ್ಳಲು ಶತಮಾನಗಳೇ ಬೇಕಾದವು.

ಮೊದಲ ಮಹಾಯುದ್ಧದಲ್ಲಿ, ೧೯೧೭ರಲ್ಲಿ, ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ಬೆಲ್ಜಿಯಂನ ಯುದ್ಧರಂಗದ ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ಮೂಳೆಚೂರುಗಳನ್ನು ತಾಳ್ಮೆಯಿಂದ ತೆಗೆದು, ಹಾಳಾದ ಭಾಗವನ್ನು ಮೃದುವಾದ ರಬ್ಬರ್ ಕೊಳವೆಯಿಂದ ಹೀರಿ, ಶುಚಿಗೊಳಿಸಿ, ಗಾಯವನ್ನು ಪೂರ್ಣವಾಗಿ ಹೊಲಿಯುತ್ತಿದ್ದರು. ಮಿದುಳಿನವರೆಗೆ ಗಾಯವಾದವರಲ್ಲಿ ಶೇಕಡ ೫೪ರಷ್ಟಿದ್ದ ಸಾವು ಮೂರೇ ತಿಂಗಳಲ್ಲಿ ಶೇಕಡ ೨೯ರಷ್ಟಕ್ಕೆ ಇಳಿಯಿತು.

ಯುದ್ಧರಂಗದ ಗಾಯ ಇಂದು ನಮ್ಮ ರಸ್ತೆಗಳಲ್ಲಿದೆ. ತಲೆ ಒಡೆದವರನ್ನು ಕಂಡಾಗ ಗಾಬರಿಯಿಂದ ಕಾಫಿಪುಡಿಯನ್ನೋ ಅರಿಶಿನವನ್ನೋ ತುಂಬುವುದುಂಟು. ಅದು ಕರುಣೆಯೇ, ಆದರೆ ಅರಿವಿಲ್ಲದ ಕರುಣೆ. ಶುಭ್ರವಾದ ಬಟ್ಟೆಯಿಂದ ಒತ್ತಿ ರಕ್ತವನ್ನು ತಡೆಯಿರಿ. ಮೂಳೆ ಮುರಿದು ಒಳಸರಿದಂತೆ ಕಂಡರೆ ಒತ್ತದೆ ಹಗುರವಾಗಿ ಮುಚ್ಚಿರಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಕುಡಿಯಲು ಏನನ್ನೂ ಕೊಡಬೇಡಿ. ಕುತ್ತಿಗೆಯನ್ನು ಅಲುಗಿಸದೆ ೧೦೮ಕ್ಕೆ ಕರೆಮಾಡಿ. ಮಕ್ಕಳು ದ್ವಿಚಕ್ರ ವಾಹನವೇರುವಾಗ ಹೆಲ್ಮೆಟ್ ಧರಿಸುವಂತೆ ನೋಡಿಕೊಳ್ಳಿ.

ಪೊಲೀಸು, ನ್ಯಾಯಾಲಯಗಳ ಅಂಜಿಕೆಯಿಂದ ನಾವು ದಾರಿಯ ಆಚೆ ಬದಿಗೆ ಸರಿದುಹೋಗುವುದಿದೆಯಲ್ಲವೇ? ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅಪಘಾತದಲ್ಲಿ ನೆರವಾಗುವವರಿಗೆ ರಕ್ಷಣೆ ನೀಡಿದೆ. ತನ್ನ ಹೆಸರನ್ನು ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ವಿಶೇಷವೆಂದರೆ, ಆ ಕಾಯ್ದೆ ಅಂಥವರನ್ನು ಕರೆದಿರುವುದು ಸಮಾರಿತನ ಹೆಸರಿನಿಂದಲೇ. ದೇಶದ ಕಾನೂನು ಪ್ರಭುವಿನ ಸಾಮತಿಯನ್ನು ನೆನೆದಿದೆ. ಬಿದ್ದವನ ಪಕ್ಕದಲ್ಲಿ ಮೊಣಕಾಲೂರುವಾಗ ನಾವೂ ಅದನ್ನು ನೆನೆಯೋಣ.