ಕೈತಪ್ಪಿದ ಡೊಮೇನ್ ಹೆಸರು: ಕಳವು, ಸ್ವತ್ತು ಮತ್ತು ಕಾನೂನಿನ ನೆರವು

ಡೊಮೇನ್ ಹೆಸರು ಕೈತಪ್ಪುವುದು ಮುಖ್ಯವಾಗಿ ಮೂರು ಬಗೆಯಲ್ಲಿ: ನವೀಕರಣ ಮರೆತು ಅವಧಿ ಮುಗಿದಾಗ, ನಮ್ಮದನ್ನೇ ಹೋಲುವ ಹೆಸರನ್ನು ಬೇರೊಬ್ಬರು ನೋಂದಾಯಿಸಿಕೊಂಡು ಗ್ರಾಹಕರನ್ನು ಸೆಳೆದಾಗ, ಖಾತೆಗೆ ಕನ್ನ ಹಾಕಿಯೋ ಸುಳ್ಳು ದಾಖಲೆ ಒಡ್ಡಿಯೋ ನಮ್ಮ ಹೆಸರನ್ನೇ ವರ್ಗಾಯಿಸಿಕೊಂಡಾಗ. ಭಾರತದ ನ್ಯಾಯಾಲಯಗಳು ಎರಡನೆಯದಕ್ಕೆ ಒಳ್ಳೆಯ ಉತ್ತರ ಕೊಟ್ಟಿವೆ. ಮೂರನೆಯದಾದ ನೇರ ಕಳವಿಗೆ ಆ ಉತ್ತರ ಸಾಲದು. ಅದಕ್ಕೆ ಬೇಕಾದ ಆಧಾರ ಸ್ವತ್ತಿನ ಕಾನೂನಿನಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲ ಬಗೆಯಲ್ಲಿ ವಕೀಲರ ಪಾತ್ರ ಕಡಿಮೆ. ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಂತೆ ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ಸೂಚನೆ ಕಳಿಸಬೇಕು. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಕಳೆದು ಪ್ರಾಮಾಣಿಕ ವ್ಯಕ್ತಿಯೊಬ್ಬರು ಆ ಹೆಸರನ್ನು ಕೊಂಡರೆ ಕೇಳಿಕೊಳ್ಳಬಹುದೇ ಹೊರತು ಕಿತ್ತುಕೊಳ್ಳಲಾಗದು.

ಎರಡನೆಯ ಬಗೆಯ ನಿರ್ಣಾಯಕ ಮೊಕದ್ದಮೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ‘ಸಿಫಿ’ ಎಂಬ ಪದ ಕಟ್ಟಿ 1999ರಲ್ಲಿ ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. ಅದಕ್ಕೆ ಒಂದಕ್ಷರ ಹೆಚ್ಚಿಗೆ ಸೇರಿಸಿದಂಥ ಹೆಸರನ್ನು 2001ರಲ್ಲಿ ಸಿಫ್ಫಿನೆಟ್ ಸಂಸ್ಥೆ ಪಡೆಯಿತು. ಸಿಟಿ ಸಿವಿಲ್ ನ್ಯಾಯಾಲಯದ ತಾತ್ಕಾಲಿಕ ತಡೆಯಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ ತೆಗೆದುಹಾಕಿತು. ಸುಪ್ರೀಂ ಕೋರ್ಟ್ 2004ರ ಮೇ 6ರಂದು ಹೈಕೋರ್ಟ್ ಆದೇಶವನ್ನು ರದ್ದುಮಾಡಿ ಆ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಡೊಮೇನ್ ವಿವಾದಕ್ಕೆಂದೇ ಕಾಯ್ದೆ ಇಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸುವುದನ್ನು ತಡೆಯುವ ‘ಪಾಸಿಂಗ್ ಆಫ್’ ತತ್ವದಡಿ ರಕ್ಷಣೆ ಸಾಧ್ಯ ಎಂದು ನ್ಯಾಯಮೂರ್ತಿ ರೂಮಾ ಪಾಲ್ ಬರೆದರು. ನಮ್ಮ ನ್ಯಾಯಶಾಸ್ತ್ರ ಹೆಮ್ಮೆಪಡಬೇಕಾದ ತೀರ್ಪು ಇದು. ಆದರೆ ಈ ದಾರಿ ಹಿಡಿದವರು ಜನರಲ್ಲಿ ತಮಗಿರುವ ಗುಡ್‌ವಿಲ್ಲನ್ನು ಮೊದಲು ರುಜುವಾತುಪಡಿಸಬೇಕು.

ನ್ಯಾಯಾಲಯದ ಹೊರಗಿನ ವ್ಯವಸ್ಥೆಯೂ ಇದೇ ಬೇರಿನದು. ಐಕ್ಯಾನ್ 1999ರಲ್ಲಿ ತಂದ, ಡೊಮೇನ್ ವಿವಾದ ಬಗೆಹರಿಸುವ ಯುಡಿಆರ್‌ಪಿ ನೀತಿಯಲ್ಲಿ ದೂರುದಾರರಿಗೆ ಟ್ರೇಡ್‌ಮಾರ್ಕ್ ಹಕ್ಕು ಇರಲೇಬೇಕು. ಎದುರಾಳಿ ದುರುದ್ದೇಶದಿಂದ ನೋಂದಾಯಿಸಿದ್ದನ್ನೂ ದುರುದ್ದೇಶದಿಂದ ಬಳಸಿದ್ದನ್ನೂ ತೋರಿಸಬೇಕು. ಡಾಟ್ ಇನ್ ಹೆಸರುಗಳಿಗಿರುವ ಇಂಥದೇ ನೀತಿಯಾದ ಐಎನ್‌ಡಿಆರ್‌ಪಿಯಲ್ಲಿ ಇವೆರಡರಲ್ಲಿ ಒಂದಿದ್ದರೆ ಸಾಕು. ನನಗೆ ಇದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಆದರೂ ಟ್ರೇಡ್‌ಮಾರ್ಕ್ ಇಲ್ಲದ ಸಣ್ಣ ಸಾಹಿತ್ಯ ಪತ್ರಿಕೆಗೋ, ಸಾಮಾನ್ಯ ಪದವೊಂದನ್ನು ಮೊದಲೇ ನೋಂದಾಯಿಸಿಟ್ಟುಕೊಂಡ ವ್ಯಕ್ತಿಗೋ ಎರಡೂ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಅಂಥವರ ಪಾಲಿಗೆ ಅಮೆರಿಕದ ಗ್ಯಾರಿ ಕ್ರೆಮೆನ್ ಮೊಕದ್ದಮೆ ಮುಖ್ಯ. 1994ರಲ್ಲಿ ಅವರು ಸೆಕ್ಸ್ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿದ್ದರು. ಮರುವರ್ಷ ಸ್ಟೀಫನ್ ಕೋಹೆನ್ ಎಂಬವರು ಖೋಟಾ ಪತ್ರವೊಂದನ್ನು ರಿಜಿಸ್ಟ್ರಾರ್ ಆಗಿದ್ದ ನೆಟ್‌ವರ್ಕ್ ಸಲ್ಯೂಷನ್ಸ್‌ಗೆ ಕೊಟ್ಟರು. ಆ ಸಂಸ್ಥೆ ಕ್ರೆಮೆನ್‌ರನ್ನು ಒಂದು ಮಾತೂ ಕೇಳದೆ ಹೆಸರನ್ನು ವರ್ಗಾಯಿಸಿತು. ಕೋಹೆನ್ ವಿರುದ್ಧ 6.5 ಕೋಟಿ ಡಾಲರಿನ ತೀರ್ಪಾಯಿತು, ಅಷ್ಟರಲ್ಲಿ ಅವರು ದೇಶ ಬಿಟ್ಟಿದ್ದರು. ರಿಜಿಸ್ಟ್ರಾರ್ ಹೊಣೆಯ ಪ್ರಶ್ನೆ ಬಂದಾಗ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಕೇಳಿದ್ದು ಮೂರು ಪ್ರಶ್ನೆ: ಈ ಹಿತಾಸಕ್ತಿಯನ್ನು ಖಚಿತವಾಗಿ ಗುರುತಿಸಬಹುದೆ? ಒಬ್ಬರ ಏಕಸ್ವಾಮ್ಯದಲ್ಲಿ ಇರಬಲ್ಲದೆ? ಆ ಏಕಸ್ವಾಮ್ಯದ ಹಕ್ಕು ನ್ಯಾಯಸಮ್ಮತವೆ? ಮೂರಕ್ಕೂ ಹೌದು ಎಂದ ಪೀಠ, ಡೊಮೇನ್ ಹೆಸರು ಸ್ವತ್ತೇ ಎಂದಿತು. ಇಲ್ಲಿ ಗುಡ್‌ವಿಲ್ ತೋರಿಸುವ ಹೊರೆ ಇಲ್ಲ.

ನಮ್ಮಲ್ಲಿ ಈ ವಾದಕ್ಕೆ ಒಂದು ದೊಡ್ಡ ತೊಡಕಿತ್ತು. 1860ರ ದಂಡ ಸಂಹಿತೆಯ 22ನೇ ಕಲಮು ಚರ ಸ್ವತ್ತೆಂದರೆ ಮೂರ್ತ ಸ್ವತ್ತು ಎನ್ನುತ್ತಿತ್ತು. ವಿದ್ಯುತ್ತನ್ನು ಕದ್ದರೆ ಕಳವೆನ್ನಲು 1910ರ ವಿದ್ಯುತ್ ಕಾಯ್ದೆಯಲ್ಲೇ ಬೇರೆ ಕಲಮು ಇಡಬೇಕಾಯಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ತನ್ನ 2(21)ನೇ ಕಲಮಿನಲ್ಲಿ ‘ಮೂರ್ತ’ ಎಂಬ ವಿಶೇಷಣವನ್ನು ಬಿಟ್ಟಿದೆ. ಭೂಮಿ ಮತ್ತು ಅದಕ್ಕೆ ಅಂಟಿಕೊಂಡವುಗಳ ಹೊರತು ಎಲ್ಲ ಬಗೆಯ ಸ್ವತ್ತೂ ಈಗ ಚರ ಸ್ವತ್ತು. ಇಷ್ಟು ದಿನ ಸಂತ್ರಸ್ತರಿಗೆ ಉಳಿದಿದ್ದ ಮುಖ್ಯ ಆಸರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳು. ಅವು ಅಪರಾಧಿಯನ್ನು ಶಿಕ್ಷಿಸುತ್ತವೆಯೇ ಹೊರತು ಹೆಸರನ್ನು ಮರಳಿಸುವುದಿಲ್ಲ. ಸಿವಿಲ್ ಬದಿಯಲ್ಲೂ ದಾರಿಯಿದೆ: 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 7ನೇ ಕಲಮು ನಿರ್ದಿಷ್ಟ ಚರ ಸ್ವತ್ತನ್ನು ಮರಳಿ ಪಡೆಯುವ ಹಕ್ಕು ಕೊಡುತ್ತದೆ. ನೋಂದಣಿ ಬರೀ ಸೇವಾ ಕರಾರು ಎಂದು ರಿಜಿಸ್ಟ್ರಾರ್‌ಗಳು ವಾದಿಸಬಹುದು. ಆದರೆ ಆಮದು ಪರವಾನಗಿಯಂಥ ಕಾಗದದ ಹಕ್ಕನ್ನೇ ಸುಪ್ರೀಂ ಕೋರ್ಟ್ 1996ರ ವಿಕಾಸ್ ಸೇಲ್ಸ್ ತೀರ್ಪಿನಲ್ಲಿ ಸರಕೆಂದು ಒಪ್ಪಿದೆ. ಕೊಳ್ಳಲು, ಮಾರಲು ಬರುವ ಡೊಮೇನ್ ಹೆಸರಿಗೆ ಅದೇ ಸ್ಥಾನ ನಿರಾಕರಿಸಲು ನನಗೆ ಕಾರಣ ಕಾಣುವುದಿಲ್ಲ.

ಹೆಸರನ್ನು ಸ್ವತ್ತೆಂದರೂ ಸೇವೆಯೆಂದರೂ ಮೊದಲ ಹೆಜ್ಜೆ ಒಂದೇ, ಅದೂ ಬೇಗ ಆಗಬೇಕು. ಅಕ್ರಮ ವರ್ಗಾವಣೆಯ ಕುರಿತ ಐಕ್ಯಾನ್ ದೂರನ್ನು ನೋಂದಣಿದಾರರು ಸಲ್ಲಿಸುವಂತಿಲ್ಲ, ಅವರ ಹಳೆಯ ರಿಜಿಸ್ಟ್ರಾರ್ ಸಲ್ಲಿಸಬೇಕು. ಆದ್ದರಿಂದ ವಕೀಲರ ಮೊದಲ ಪತ್ರ ಅಲ್ಲಿಗೇ ಹೋಗಬೇಕು. ಜೊತೆಗೆ ಶುಲ್ಕದ ರಸೀದಿ, ಹಳೆಯ ಇ-ಮೇಲ್, ನೋಂದಣಿ ದಾಖಲೆಗಳೊಂದಿಗೆ ರಿಜಿಸ್ಟ್ರಾರನ್ನೂ ಪ್ರತಿವಾದಿಯಾಗಿಸಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ಹೆಸರು ಮುಂದಕ್ಕೆ ಕೈಬದಲಾಗದಂತೆ ತಡೆ ಕೋರಬೇಕು. ಈ ತಡೆ ತಪ್ಪಿ ಕಳ್ಳ ಹೆಸರನ್ನು ಮಾರಿಬಿಟ್ಟರೆ ಸ್ವತ್ತಿನ ವಾದಕ್ಕೆ ಪೂರ್ಣ ಬೆಲೆ ಬರುತ್ತದೆ. ಹೆಸರು ಸರಕಾದರೆ, 1930ರ ಸರಕು ಮಾರಾಟ ಅಧಿನಿಯಮದ 27ನೇ ಕಲಮಿನಂತೆ ಕಳ್ಳನಿಗಿಲ್ಲದ ಹಕ್ಕು ಅವನಿಂದ ಕೊಂಡವರಿಗೂ ಸಾಮಾನ್ಯವಾಗಿ ದಕ್ಕದು. ಅದು ಬರೀ ಸೇವೆಯಾದರೆ, ನಿಜವಾದ ಒಡೆಯರಿಗೆ ಆ ಖರೀದಿದಾರರ ಎದುರು ಹಿಡಿಯಲು ಇಷ್ಟು ಸ್ಪಷ್ಟವಾದ ಕಲಮು ಇರುವುದಿಲ್ಲ.