ದೊಡ್ಡ ಕಾಯಿಯ ಬೀಜ ಇಟ್ಟರೆ ಇಳುವರಿ ಹೆಚ್ಚುತ್ತದೆಯೇ?

‘ಗದ್ದೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಬೀಜಕ್ಕೆ ಬಿಡಿ, ಮುಂದಿನ ವರ್ಷ ಬೆಳೆ ಜಾಸ್ತಿ.’ ತರಕಾರಿ ಬೆಳೆಯುವ ಮನೆಗಳಲ್ಲಿ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಸತ್ಯ ಮಾತ್ರ. ಬೀಜಕ್ಕೆ ಆರಿಸಬೇಕಾದುದು ಕಾಯಿಯನ್ನಲ್ಲ, ಗಿಡವನ್ನು. ಏಕೆಂದು ಉಡುಪಿಯ ಮಟ್ಟು ಗುಳ್ಳದ ಉದಾಹರಣೆಯಿಂದಲೇ ನೋಡೋಣ.

ಮಟ್ಟು ಗುಳ್ಳದ ವಿಶೇಷವೇನು?

ಕಾಪು ತಾಲ್ಲೂಕಿನ ಕಟಪಾಡಿ ಬಳಿಯ ಮಟ್ಟು ಮತ್ತು ಸುತ್ತಲಿನ ಊರುಗಳಲ್ಲಿ, ಭತ್ತದ ಕೊಯ್ಲಿನ ನಂತರ ಬೆಳೆಯುವ ದುಂಡಗಿನ ಹಸಿರು ಬದನೆ ಇದು. ಸಿಪ್ಪೆ ತೆಳು, ಕಹಿ ಕಡಿಮೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರೆಂಬ ಪ್ರತೀತಿಯಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ರೈತರು ತಾವೇ ಬೀಜ ಉಳಿಸಿಕೊಂಡು ಬಂದ ತಳಿಯಾದ್ದರಿಂದ, ಬೀಜದ ಆಯ್ಕೆಯಲ್ಲಿ ತಪ್ಪಾದರೆ ನಷ್ಟವೂ ಅವರದೇ.

ವ್ಯತ್ಯಾಸ ಎರಡು ಬಗೆ

ಒಂದು ಗಿಡ ಮೂವತ್ತು ಕಾಯಿ ಬಿಟ್ಟರೆ ಪಕ್ಕದ್ದು ಹದಿನೈದು ಬಿಡಬಹುದು. ಇದಕ್ಕೆ ಕಾರಣ ವಂಶವಾಹಿಗಳಿರಬಹುದು. ಗೊಬ್ಬರ, ನೀರು, ಬಿಸಿಲು ಹೆಚ್ಚು ಸಿಕ್ಕಿದ್ದೂ ಇರಬಹುದು. ಮೊದಲನೆಯದು ಮಾತ್ರ ಬೀಜದ ಮೂಲಕ ಮುಂದಿನ ಪೀಳಿಗೆಗೆ ಹೋಗುತ್ತದೆ. ಗೊಬ್ಬರದ ಗುಂಡಿಯ ಪಕ್ಕ ಬೆಳೆದ ಗಿಡದ ಸೊಕ್ಕು ಬೀಜದೊಳಗೆ ಇಳಿಯುವುದಿಲ್ಲ.

ಒಂದೇ ಗಿಡದ ಕಾಯಿಗಳ ನಡುವಿನ ವ್ಯತ್ಯಾಸವಂತೂ ಬಹುಪಾಲು ಎರಡನೆಯ ಬಗೆಯದೇ. ದೊಡ್ಡ ಕಾಯಿ, ಸಣ್ಣ ಕಾಯಿ ಎರಡಕ್ಕೂ ತಾಯಿಗಿಡ ಒಂದೇ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್ 1903ರಲ್ಲಿ ಹುರುಳಿಕಾಯಿ ಬೀಜಗಳಲ್ಲಿ ಇದನ್ನು ತೋರಿಸಿಕೊಟ್ಟರು. ಒಂದೇ ಗಿಡದಿಂದ ಬಂದ ಶುದ್ಧ ವಂಶದೊಳಗೆ ಭಾರದ ಬೀಜ ಬಿತ್ತಿದರೂ ಹಗುರ ಬೀಜ ಬಿತ್ತಿದರೂ ಮುಂದಿನ ಪೀಳಿಗೆಯ ಸರಾಸರಿ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು.

ಒಂದು ಸಣ್ಣ ಲೆಕ್ಕ

ಒಟ್ಟು ವ್ಯತ್ಯಾಸದಲ್ಲಿ ಮುಂದಿನ ಪೀಳಿಗೆಗೆ ದಾಟುವ ಪಾಲನ್ನು ಆನುವಂಶಿಕತೆಯ ಪ್ರಮಾಣ ಎನ್ನುತ್ತಾರೆ. ಉದಾಹರಣೆಗೆ, ಗದ್ದೆಯ ಸರಾಸರಿ ಗಿಡವೊಂದಕ್ಕೆ 2 ಕಿಲೋ ಎಂದಿಟ್ಟುಕೊಳ್ಳೋಣ. ಸರಾಸರಿ 3 ಕಿಲೋ ಕೊಟ್ಟ ಗಿಡಗಳನ್ನು ನಾವು ಆರಿಸಿದೆವು. ಈ ಪ್ರಮಾಣ ಶೇ. 40 ಆದರೆ ಮುಂದಿನ ಬೆಳೆಯ ಸರಾಸರಿ 3 ಕಿಲೋ ಆಗದು, ಸುಮಾರು 2.4 ಕಿಲೋ ಆಗುತ್ತದೆ. ಪ್ರಮಾಣ ಸೊನ್ನೆಯಾದರೆ ಎಷ್ಟು ವರ್ಷ ಆರಿಸಿದರೂ ಇಳುವರಿ ಏರದು.

ಇನ್ನೊಂದು ತೊಡಕಿದೆ. ಇಳುವರಿ ಎಂದರೆ ಕಾಯಿಗಳ ಸಂಖ್ಯೆಯನ್ನು ಕಾಯಿಯ ತೂಕದಿಂದ ಗುಣಿಸಿದ್ದು. ಬದನೆಯಲ್ಲಿ ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ಎದುರು: ಕಾಯಿ ದೊಡ್ಡದಾದರೆ ಸಂಖ್ಯೆ ಇಳಿಯುತ್ತದೆ. ಬರೀ ಗಾತ್ರ ನೋಡಿ ಬೀಜ ಇಟ್ಟವರಿಗೆ ಒಟ್ಟು ತೂಕ ಕಡಿಮೆಯಾಗಲೂಬಹುದು.

ಆರಿಸಿದರೂ ಸಿಗದ ಗುಣ

ಗದ್ದೆಯಲ್ಲಿ ಇಲ್ಲದ ಗುಣವನ್ನು ಆರಿಸಲಾಗದು. ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವನ್ನೇ ನೋಡಿ. ಹಸಿರಾಗಿದ್ದ ಬದನೆ ಗಿಡ ಕೆಲವೇ ದಿನಗಳಲ್ಲಿ ಬಾಡಿ ಸಾಯುತ್ತದೆ. ತಳಿಯಲ್ಲಿ ನಿರೋಧಕ ಗುಣವೇ ಇಲ್ಲದಿದ್ದರೆ ಹೊರಗಿನಿಂದ ತರಬೇಕು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಬದನೆಗಳಿಗೆ ಈ ರೋಗ ತಡೆಯುವ ಶಕ್ತಿಯಿದೆ. ಅದೇ ಸಂಸ್ಥೆ ಕಾಡು ಬೆಂಡೆಯೊಡನೆ ಸಂಕರ ಮಾಡಿ, ಹಳದಿ ನಂಜು ರೋಗ ತಡೆಯುವ ಅರ್ಕಾ ಅನಾಮಿಕ ಬೆಂಡೆಯನ್ನು ರೂಪಿಸಿತು.

ಆದರೆ ಗುಳ್ಳವನ್ನು ಬೇರೆ ಬದನೆಯೊಡನೆ ಸಂಕರ ಮಾಡಿದರೆ ರೋಗನಿರೋಧಕ ಗುಣದ ಜೊತೆಗೆ ಬೇಡದ ಬಣ್ಣ, ರುಚಿ, ಸಿಪ್ಪೆಯೂ ಬರುತ್ತವೆ. ಅದಕ್ಕೆ ಸಂಕರವನ್ನು ಮತ್ತೆ ಮತ್ತೆ ಗುಳ್ಳದೊಡನೆಯೇ ಕೂಡಿಸಬೇಕು. ಹೊರಗಿನ ತಳಿಯ ಪಾಲು ಸರಾಸರಿ 50ರಿಂದ 25, 12.5, 6.25 ಶೇಕಡಾಕ್ಕೆ ಇಳಿಯುತ್ತ ಹೋಗುತ್ತದೆ. ಪ್ರತಿ ಹಂತದಲ್ಲೂ ನಿರೋಧಕ ಗುಣ ಉಳಿದ ಗಿಡಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ವರ್ಷಗಳ ಕೆಲಸವಿದು. ಅವಸರಪಟ್ಟರೆ ಬೆಳೆ ಹೆಚ್ಚಬಹುದು, ಆದರೆ ಅದು ಮಟ್ಟು ಗುಳ್ಳವಾಗಿ ಉಳಿಯದು. ಗಿರಾಕಿ ಹಣ ಕೊಡುವುದು ತೂಕಕ್ಕೆ ಮಾತ್ರವಲ್ಲ, ಆ ರುಚಿಗೆ.

ಹಾಗಾದರೆ ಬೀಜ ಹೇಗೆ ಇಡಬೇಕು?

• ಹಲವು ಕೊಯ್ಲುಗಳ ಕಾಯಿ ಎಣಿಸಿ, ಕೊನೆವರೆಗೂ ಆರೋಗ್ಯವಾಗಿರುವ ಗಿಡಗಳಿಗೆ ಬಟ್ಟೆ ಕಟ್ಟಿ ಗುರುತು ಮಾಡಿ.
• ಬದುವಿನ ಅಂಚಿನ ಗಿಡ ಬೇಡ. ಅದಕ್ಕೆ ಬಿಸಿಲು, ಜಾಗ ಎರಡೂ ಹೆಚ್ಚು. ಗದ್ದೆಯನ್ನು ಭಾಗ ಮಾಡಿ, ಪ್ರತಿ ಭಾಗದಲ್ಲೂ ನೆರೆಯ ಗಿಡಗಳಿಗಿಂತ ಮೇಲಾದುದನ್ನು ಆರಿಸಿ.
• ಆಕಾರ, ಬಣ್ಣ, ರುಚಿ ಗುಳ್ಳದ್ದೇ ಎಂದು ಖಚಿತಪಡಿಸಿಕೊಂಡು, ಕಾಯಿ ಹಳದಿಯಾಗಿ ಹಣ್ಣಾಗುವವರೆಗೆ ಗಿಡದಲ್ಲೇ ಬಿಡಿ.
• ಒಂದೇ ಗಿಡವನ್ನು ನೆಚ್ಚಬೇಡಿ. ಇಪ್ಪತ್ತು–ಮೂವತ್ತು ಗಿಡಗಳ ಬೀಜ ಬೆರೆಸಿದರೆ ತಳಿಯ ವೈವಿಧ್ಯ ಉಳಿಯುತ್ತದೆ.
• ಬದನೆ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದರೂ ಜೇನ್ನೊಣ, ದುಂಬಿಗಳು ಪಕ್ಕದ ತಳಿಯ ಪರಾಗ ತರುತ್ತವೆ. ಬೇರೆ ಬದನೆಯಿಂದ ಸುಮಾರು 200 ಮೀಟರ್ ದೂರವಿರಲಿ.
• ಅಂಗಡಿಯ ಹೈಬ್ರಿಡ್ ತಳಿಯ ಬೀಜ ಉಳಿಸಬೇಡಿ. ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ.

ಕೊನೆಯ ಮಾತು: ದೊಡ್ಡ ಕಾಯಿಯನ್ನು ಸಾರಿಗೋ ಬಜ್ಜಿಗೋ ಬಳಸಿ. ಬೀಜಕ್ಕೆ, ವರ್ಷವಿಡೀ ಚೆನ್ನಾಗಿ ಬಂದ ಗಿಡದ ಕಾಯಿ ಇರಲಿ, ಅದು ಚಿಕ್ಕದಾದರೂ ಸರಿ.